ಖಾಲಿ ಕರಡಿಗೆ

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಏಳೂವರೆಗೆ ಶಿವಯೋಗೀಶ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಒಂದು ಕಲ್ಲಿಗೆ ಕಾಡಿಗೆ ಹಚ್ಚುತ್ತಿದ್ದ. ಕಾಡಿಗೆ ಹೆಂಡತಿಯದು. ಕಲ್ಲು ಜಾರ್ಜಿಯಾ ದೇಶದ್ದು, ಒಂಬತ್ತು ಸಾವಿರ ಅಡಿ ಎತ್ತರದ ಒಂದು ಸರೋವರದ ದಂಡೆಯದು. ಅಲ್ಲಿ ನೀರಲ್ಲಿ ತೊಯ್ದಿದ್ದಾಗ ಕರ್ರಗೆ ಮಿಂಚಿದ ಕಲ್ಲು ಧಾರವಾಡಕ್ಕೆ ಬಂದು ಒಣಗಿದ ಮೇಲೆ ಬೂದಿಯ ಬಣ್ಣಕ್ಕೆ ತಿರುಗಿ, ನಾನು ಬರೀ ಕಲ್ಲು ಎಂದು ಸಾರುತ್ತ ಕೂತಿತ್ತು. ಹೆಬ್ಬೆರಳಿನಿಂದ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ತಿಕ್ಕಿದ. ನಲವತ್ತಾರು ವರ್ಷದ, ಎರಡು ಎಂ.ಎ. ಮಾಡಿದ, ಭಾರತದ ಸಂವಿಧಾನವನ್ನು ದಿನಕ್ಕೆ ನಾಲ್ಕು ತಾಸು ಪಾಠ ಮಾಡುವ ಗಂಡಸು ಬಚ್ಚಲಲ್ಲಿ ಕೂತು ಮಾಡುವ ಕೆಲಸವೇ ಇದು ಎಂದು ತನಗೆ ತಾನೇ ಛೀಮಾರಿ ಹಾಕಿಕೊಂಡ. ಆದರೂ ಕೈ ನಿಲ್ಲಲಿಲ್ಲ.

"ಶಿವೂ, ಲಗೂ ಬಾರೋ. ಅಯ್ಯಾರು ಬರೂ ಹೊತ್ತಾತು. ಇವತ್ತ ಎಲ್ಲಾರೂ ಸಾಲಾಗಿ ಕುಂತು ಲಿಂಗಪೂಜಿ ಮಾಡ್ಕೊಳ್ಳೂದೈತಿ," ಎಂದು ತಾಯಿ ದಾನವ್ವ ಹೊರಗಿನಿಂದ ಕೂಗಿದಳು. ಮಗ ಸಮುದ್ರ ದಾಟಿ ಹೋಗಿ ಕೊರಳ ಲಿಂಗದ ಸಮೇತ ಕ್ಷೇಮವಾಗಿ ಬಂದನಲ್ಲ ಎಂಬ ಹಿಗ್ಗಿಗೆ ಅವಳು ಈ ಪೂಜೆ ಇಟ್ಟುಕೊಂಡಿದ್ದಳು. ಮಗನ ಕೊರಳಲ್ಲಿ ಬೆಳ್ಳಿಯ ಕರಡಿಗೆಯೇನೋ ಇತ್ತು. ಅದರೊಳಗೆ ಇರಬೇಕಾದ, ಕಪ್ಪು ಲೇಪದ ಇಷ್ಟಲಿಂಗ ಇರಲಿಲ್ಲ. ಹುಟ್ಟಿದ ಹತ್ತನೇ ದಿನ ಕಟ್ಟಿದ್ದು, ಮೈಯಿಂದ ಅಗಲಬಾರದ್ದು, ಸತ್ತಾಗ ಅಂಗೈಯಲ್ಲಿಟ್ಟು ಮಣ್ಣು ಮಾಡಬೇಕಾದ್ದು ಕಳೆದುಹೋಗಿ ಮೂರು ವಾರವಾಗಿತ್ತು. ಈ ಮಾತು ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿ ಭಾಗ್ಯಶ್ರೀಗೆ ಮಾತ್ರ. ತಾಯಿಗೆ ತಿಳಿದರೆ? ಎಪ್ಪತ್ತೆಂಟು ವರ್ಷದ ಜೀವ, ಅಳುವುದಿಲ್ಲ, ಬೈಯುವುದಿಲ್ಲ, ಅನ್ನ ಬಿಡುತ್ತಾಳೆ. ಅಪ್ಪ ಒಮ್ಮೆ ಜಾತ್ಯತೀತ ಗೆಳೆಯರ ಜೊತೆ ಖಾನಾವಳಿಯಲ್ಲಿ ಉಂಡದ್ದು ಸಾವಜಿಯ ಮಾಂಸದೂಟ ಎಂದು ಗೊತ್ತಾದಾಗ ಆರು ದಿನ ಬಿಟ್ಟಿದ್ದಳು. ಆಗ ಅವಳಿಗೆ ನಲವತ್ತು ವರ್ಷ. ಈಗ ಆರು ದಿನ ಅವಳು ತಾಳುವವಳಲ್ಲ. ಆದರೆ ಅವನನ್ನು ಬಚ್ಚಲಲ್ಲಿ ಕೂರಿಸಿದ್ದು ಬರೀ ಆ ಭಯವಾಗಿದ್ದರೆ ಅವನು ತನ್ನನ್ನು ಕ್ಷಮಿಸಿಕೊಳ್ಳುತ್ತಿದ್ದ. ಪಡಸಾಲೆಯಲ್ಲಿ ಹುಬ್ಬಳ್ಳಿಯ ಕುಬೇರಪ್ಪ ಕಾಕಾ ಕಾಲು ಚಾಚಿ ಕೂತಿದ್ದ. ಆ ಅರಳೆ ವ್ಯಾಪಾರಿಯ ಮುಂದೆ ಸಿಕ್ಕಿಬೀಳುವುದು ಅವನಿಗೆ ತಾಯಿಯ ಉಪವಾಸಕ್ಕಿಂತ ಹೆಚ್ಚು ಅಸಹ್ಯವಾಗಿತ್ತು.

ಜಾರ್ಜಿಯಾದ ಈ ಪ್ರವಾಸ ಹುಟ್ಟಿದ್ದೇ ಕಾಕಾನ ಮೇಲಿನ ತಿರಸ್ಕಾರದಿಂದ. ಎರಡು ವರ್ಷದ ಹಿಂದೆ ಕಾಕಾ ಯುರೋಪಿಗೆ ಹೋಗಿದ್ದ, ನಲವತ್ತು ಮಂದಿಯ ಬಸ್ಸಿನಲ್ಲಿ, ಅಡಿಗೆಯವನ ಸಮೇತ. ಪ್ಯಾರಿಸ್ಸಿನಲ್ಲಿ ಝುಣಕದ ವಡಿ ತಿಂದದ್ದನ್ನು ಇಂದಿಗೂ ಹೇಳುತ್ತಾನೆ, ಪ್ಯಾರಿಸ್ಸನ್ನು ಹೇಳುವುದಿಲ್ಲ. ಶಿವಯೋಗೀಶ ಅಂಥವನಲ್ಲ. ಅವನು ಬೆನ್ನಿಗೆ ಚೀಲ ಹಾಕಿಕೊಂಡು ಹೋಗುವವನು, ಊರಿನವರ ಮನೆಯಲ್ಲಿ ಉಳಿಯುವವನು, ದ್ರಾಕ್ಷಿ ಸೀಮೆಯಲ್ಲಿ ದ್ರಾಕ್ಷಾರಸವನ್ನು ಬಲ್ಲವರಂತೆ ಕುಡಿದು, ಗುಡ್ಡ ಹತ್ತಿ ಸರೋವರಗಳ ಮುಂದೆ ಮೌನವಾಗಿ ನಿಲ್ಲುವವನು. ಎಂಟು ತಿಂಗಳು ವಿಡಿಯೋ ನೋಡಿ ತಯಾರಾಗಿದ್ದ. ಭಾಗ್ಯಶ್ರೀ ಮೊದಲ ದಿನ ಆ ದೊಡ್ಡ ಚೀಲ ಬೆನ್ನಿಗೇರಿಸಿ ಕನ್ನಡಿ ಮುಂದೆ ನಿಂತು, "ಇದೇನ್ರಿ, ಗೋಧಿ ಚೀಲ ಹೊತ್ತ ಹಮಾಲರಂಗ ಕಾಣತೇವಿ," ಎಂದು ನಕ್ಕಿದ್ದಳು. ಅವಳ ಆ ನಗು ಅವನಿಗೆ ಹಿಡಿಸಿರಲಿಲ್ಲ. ಅವಳ ಮುಗ್ಧತನವನ್ನು ಹದಿನೆಂಟು ವರ್ಷ ಸಹಿಸಿಕೊಂಡು ಬಂದ ದೊಡ್ಡ ಮನಸ್ಸಿನವನು ತಾನು ಎಂದು ಅವನು ಗಟ್ಟಿಯಾಗಿ ನಂಬಿದ್ದ.

ಕಲ್ಲನ್ನು ಕರಡಿಗೆಯೊಳಗೆ ಇಟ್ಟು ಮುಚ್ಚುವಾಗ ಬೆರಳಿನ ಕಪ್ಪು ಬೆಳ್ಳಿಗೆ ಹತ್ತಿತು. ಟಾವೆಲಿನ ತುದಿಯಿಂದ ಒರೆಸಿದ. ಜಾರ್ಜಿಯಾದ ಸಿಗ್ನಾಗಿ ಎಂಬ ಗುಡ್ಡದೂರಿನ ಬಚ್ಚಲಲ್ಲೂ ಹೀಗೇ ಒರೆಸಿಕೊಂಡು ನಿಂತಿದ್ದನಲ್ಲವೇ? ಅಲ್ಲಿ ಕಿಟಕಿಯಾಚೆ ಕಣಿವೆಯ ತುಂಬ ದ್ರಾಕ್ಷಿಯ ಸಾಲು, ಅದರಾಚೆ ಹಿಮದ ಬೆಟ್ಟಗಳ ಗೋಡೆ. ಮನೆಯೊಡತಿ ಆ ಮಧ್ಯಾಹ್ನ ಊಟಕ್ಕೆ ಕರೆದಿದ್ದಳು. ಅವರ ಊಟವೆಂದರೆ ಕುಡಿತ ಬೇರೆ, ಅನ್ನ ಬೇರೆ ಅಲ್ಲ. ಕುಡಿಯುವುದು ಅವನ ಮಟ್ಟಿಗೆ ತತ್ವದ ಪ್ರಶ್ನೆಯೇ ಆಗಿತ್ತು. ಆದರೆ ಅಂಗಿಯ ಗುಂಡಿ ಹಾಕುವಾಗ ಕೈ ಕರಡಿಗೆಗೆ ತಗಲಿ ನಿಂತುಬಿಟ್ಟಿತು. ಲಿಂಗ ಮೈಮೇಲಿಟ್ಟುಕೊಂಡು ಕುಡಿಯಬಾರದು. ಲಿಂಗವನ್ನು ಮೈಯಿಂದ ತೆಗೆಯಲೂ ಬಾರದು. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ತಪ್ಪು ಎಂದು ಅವರ ಮನೆಯ ಕೂಸಿಗೂ ಗೊತ್ತು. ಅವನು ಎರಡನೆಯದನ್ನು ಮಾಡಿದ. ಲಿಂಗವನ್ನು ತೆಗೆದು ಬಿಳಿ ವಸ್ತ್ರದಲ್ಲಿ ಸುತ್ತಿ, ಒಂದು ಉಣ್ಣೆಯ ಕಾಲುಚೀಲದೊಳಗೆ ತುರುಕಿ ಇಟ್ಟ. ಭಾಗ್ಯಶ್ರೀ ಕೇಳಬಾರದೆಂದು ಖಾಲಿ ಕರಡಿಗೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ; ಇವನು ದೇವರ ಕಣ್ಣನ್ನೇ ಕಾಲುಚೀಲದಲ್ಲಿ ಮುಚ್ಚಿಟ್ಟು ಕುಡಿಯಲು ಹೋದ.

ಆ ಮನೆಯವರು ದ್ರಾಕ್ಷಾರಸವನ್ನು ನೆಲದೊಳಗೆ ಹೂತ ದೊಡ್ಡ ಮಣ್ಣಿನ ಹರವಿಗಳಲ್ಲಿ ಇಡುತ್ತಿದ್ದರು. ಶಿವಯೋಗೀಶ ಎಂಟು ಸಾವಿರ ವರ್ಷದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಶುರು ಮಾಡಿದ, ಅಷ್ಟರಲ್ಲಿ ಭಾಗ್ಯಶ್ರೀ ಬಗ್ಗಿ ನೋಡಿ, "ಅಯ್ಯ, ನಮ್ಮ ಹಗೇವು ಇದ್ದಂಗ ಐತಲ್ರಿ! ನಮ್ಮಜ್ಜ ಜ್ವಾಳ ಹಿಂಗ ಇಡ್ತಿದ್ದ," ಎಂದಳು. ಕೈಸನ್ನೆಯಲ್ಲೇ ಮನೆಯೊಡತಿಗೆ ಜೋಳ, ನೆಲ, ಮುಚ್ಚಳ ಎಲ್ಲ ಹೇಳಿದಳು. ಇಬ್ಬರೂ ಕೈಹಿಡಿದು ನಕ್ಕರು. ಊಟಕ್ಕೆ ಕೂತಾಗ ಅವನು ಬಟ್ಟಲನ್ನು ಕಲಿತಂತೆ ಗರಗರ ತಿರುಗಿಸಿ ಮೂಸಿದ. ಮನೆಯ ಮುದುಕ ಅದನ್ನು ಕೌತುಕದಿಂದ ನೋಡಿ, ಒಳಗೆ ನೊಣ ಬಿದ್ದಿದೆಯೆಂದು ತಿಳಿದು, ಬಟ್ಟಲನ್ನು ಅವನ ಕೈಯಿಂದ ಕಿತ್ತು ಚೆಲ್ಲಿ ಹೊಸದಾಗಿ ತುಂಬಿಕೊಟ್ಟ. ಎಲ್ಲರೂ ನಕ್ಕರು. ಆಮೇಲೆ ಮುದುಕ ಎದ್ದು ನಿಂತು ಸತ್ತವರ ಹೆಸರಲ್ಲಿ ಬಟ್ಟಲೆತ್ತಿದ. ಮಾತು ತಿಳಿಯದಿದ್ದರೂ ಸಂಗತಿ ತಿಳಿಯಿತು. ಭಾಗ್ಯಶ್ರೀ ಎದ್ದಳು, ಎಡಗೈಯಲ್ಲಿ ತನ್ನ ಕರಡಿಗೆ ಮುಟ್ಟಿಕೊಂಡು ಕಣ್ಣು ಮುಚ್ಚಿ, ಯಾರನ್ನು ನೆನೆದಳೋ, ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. ಅಳುಕಿಲ್ಲ, ಅಬ್ಬರವಿಲ್ಲ. ಮನೆಯೊಡತಿ ತನ್ನ ಕೊರಳಿನ ಶಿಲುಬೆ ತೆಗೆದು ತೋರಿಸಿದಳು. ಆಮೇಲೆ ಎಲ್ಲರೂ ಇವನತ್ತ ತಿರುಗಿದರು. ಇವನೂ ಎದ್ದು ನಿಂತು ಖಾಲಿ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದ. ಅಪ್ಪನನ್ನು ನೆನೆಯಲು ಹೋದರೆ ಅಪ್ಪ ನೆನಪಾಗಲಿಲ್ಲ, ಕಾಲುಚೀಲ ನೆನಪಾಯಿತು.

ಪಡಸಾಲೆಗೆ ಬಂದಾಗ ಕಾಕಾ ಟೀವಿಯಲ್ಲಿ ಪ್ರವಾಸದ ಫೋಟೋ ನೋಡುತ್ತಿದ್ದ. ಭಾಗ್ಯಶ್ರೀ ಒಂದೊಂದಾಗಿ ಸರಿಸುತ್ತಿದ್ದಳು. "ಏನೋ ಶಿವಯೋಗಿ, ಇಷ್ಟ ದೂರ ಹೋಗಿ ಹೊಂಡ ನೋಡಿ ಬಂದೀಯೇನೋ? ನಮ್ಮ ಉಣಕಲ್ ಕೆರಿ ಇದರ ಹತ್ತು ಪಟ್ಟ ಐತಲ್ಲೋ," ಎಂದ ಕಾಕಾ. ಎತ್ತರ, ಹಿಮನದಿ, ಪ್ರತಿಬಿಂಬ ಎಂದು ಹೇಳಲು ಹೊರಟವನು ಪೂಜೆಯ ಚಾಪೆ ಬಿಚ್ಚತೊಡಗಿದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಆದರೆ ಟೀವಿಯ ಮೇಲಿದ್ದ ಆ ನೀರು ನಿಜಕ್ಕೂ ಹೊಂಡದಂತೆಯೇ ಕಾಣುತ್ತಿತ್ತು. ಆ ದಿನವೂ ಹಾಗೇ ಕಂಡಿತ್ತು. ಐದು ತಾಸು ಏರಿ, ಏದುಸಿರು ಬಿಡುತ್ತ ದಂಡೆಗೆ ಬಂದಾಗ ಅವನಿಗೆ ಮೊದಲು ಅನ್ನಿಸಿದ್ದು, ಇಷ್ಟೇನಾ? ಅದನ್ನು ಹೆಂಡತಿಗೆ ಹೇಳದೆ, "ಏನು ಅದ್ಭುತ," ಎಂದಿದ್ದ. ಅವಳು ಕಲ್ಲಿನ ಮೇಲೆ ಕೂತು ಕಾಲು ನೀರಿಗೆ ಬಿಟ್ಟು, "ಭಾಳ ಥಂಡಿ ಅದಾವ್ರಿ," ಎಂದು ಕೂಸಿನ ಹಾಗೆ ಕಿಲಕಿಲ ನಕ್ಕಳು. ಅವನು ಒದ್ದೆ ಕಾಲುಚೀಲ ಬದಲಿಸಲು ಚೀಲ ತೆರೆದ. ಉಣ್ಣೆಯದು ಒಂದೇ ಇತ್ತು. ಅದರಲ್ಲಿ ಏನೂ ಇರಲಿಲ್ಲ. ಲಿಂಗವನ್ನು ತಿರುಗಿ ಕಟ್ಟಿಕೊಳ್ಳಲು ಮರೆತು, ಅದಿದ್ದ ಇನ್ನೊಂದನ್ನು ಸಿಗ್ನಾಗಿಯಲ್ಲಿ ಕೊಳೆಬಟ್ಟೆಯೊಂದಿಗೆ ಮನೆಯೊಡತಿಯ ಬುಟ್ಟಿಗೆ ಹಾಕಿದ್ದು ಅವನೇ, ಒಣಗಿದ್ದನ್ನು ಎಣಿಸದೆ ತುಂಬಿಕೊಂಡು ಬಂದವನೂ ಅವನೇ.

ಭಾಗ್ಯಶ್ರೀಗೆ ಹೇಳಲೇಬೇಕಾಯಿತು. ಅವಳು ಪೂರ್ತಿ ಕೇಳಿ ನೀರಿನಿಂದ ಕಾಲು ತೆಗೆದು ಬೂಟು ಹಾಕಿಕೊಳ್ಳತೊಡಗಿದಳು. "ನಡ್ರಿ, ತಿರಗಿ ಹೋಗೂಣು. ಆ ತಾಯಿ ಒಗದು ಎತ್ತಿ ಇಟ್ಟಿರ್ತಾಳ." ಎರಡು ದಿನದ ದಾರಿ. ಅವನ ಪಟ್ಟಿಯಲ್ಲಿ ಇನ್ನೂ ಎರಡು ಸರೋವರಗಳಿದ್ದವು. ಅಲ್ಲದೆ, ಆ ಮನೆಯ ಮುಂದೆ ಹೋಗಿ ನಿಂತು, ನನ್ನ ದೇವರನ್ನು ಕಾಲುಚೀಲದಲ್ಲಿ ಬಿಟ್ಟಿದ್ದೆ ಎಂದು ಸನ್ನೆ ಮಾಡಿ ತೋರಿಸುವುದು ಹೇಗೆ? "ಒಂದು ಕಲ್ಲಿಗೋಸ್ಕರ ಎರಡು ದಿನಾನಾ? ಹುಚ್ಚು ಹಿಡದೈತಿ ನಿನಗ. ಹುಬ್ಬಳ್ಯಾಗ ಬೇಕಾದಷ್ಟು ಸಿಗತಾವ," ಎಂದ. ಅವಳು ಲೇಸು ಕಟ್ಟುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಕಲ್ಲಂದ್ರ ತಗದಿಟ್ರ್ಯಾಕ್ರಿ?" ಅಷ್ಟೇ ಕೇಳಿದ್ದು. ದನಿ ಏರಿಸಲಿಲ್ಲ. ಉತ್ತರಕ್ಕೆ ಕಾಯಲೂ ಇಲ್ಲ, ಮುಂದಿನ ಸರೋವರದ ದಾರಿ ಹಿಡಿದಳು. ಅವಳು ತಿರುವು ದಾಟಿದ ಮೇಲೆ ಅವನು ನೀರಿಗೆ ಕೈ ಹಾಕಿ ಒಂದು ನುಣುಪಾದ ಕಲ್ಲು ಎತ್ತಿಕೊಂಡ. ಕರಡಿಗೆ ಹಗುರಾಗಿದ್ದದ್ದು ಎದೆಗೆ ಒಗ್ಗುತ್ತಿಲ್ಲ ಎಂದು ತನಗೆ ತಾನೇ ನೆಪ ಹೇಳಿಕೊಂಡ. ಅಲ್ಲಿಂದ ಮುಂದೆ ಅವಳು ಅವನೊಂದಿಗೆ ಮಾತಾಡಿದಳು: ಬಸ್ಸೆಷ್ಟಕ್ಕೆ, ನೀರು ತುಂಬಿಕೊಂಡಿರೇನು, ಇಂಥವಷ್ಟೇ. ಜಗಳವಾಡಿದ್ದರೆ ಅವನು ಗೆಲ್ಲುತ್ತಿದ್ದ. ನಿನ್ನೆ ಸಂಜೆ ಅವನು ಕಾಡಿಗೆಯ ಡಬ್ಬಿ ಕಪಾಟಿನಿಂದ ತೆಗೆಯುವಾಗ ಅವಳು ನೋಡಿ, ಪೂಜೆಯ ಪಾತ್ರೆ ತಿಕ್ಕಲು ಹೋದಳು.

ಅವನಿಗೆ ಒಂದು ಧೈರ್ಯವಿತ್ತು. ಪೂಜೆಗೆ ಬರುವ ಮುಗದ ಊರಿನ ಅಯ್ಯನವರಿಗೆ ವಯಸ್ಸಾಗಿದೆ, ಎರಡೂ ಕಣ್ಣಲ್ಲಿ ಪೊರೆ. ಅವರ ಮುಂದೆ ಆಲೂಗಡ್ಡೆ ಹಿಡಿದು ಕೂತರೂ ವಿಭೂತಿ ಹಚ್ಚಿ ಹೋಗುತ್ತಾರೆ. ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ದಾನವ್ವ ಬಾಗಿಲಿಗೆ ಹೋಗಿ, "ಬರ್ರಿ ಅಯ್ಯಾರ, ಬರ್ರಿ. ನಿಮ್ಮ ಮನೀ ಹಿರೇ ಅಯ್ಯಾರಿಗೆ ಮಣಕಾಲ್ ಬ್ಯಾನಿ ಅಂತ ಫೋನ್ ಬಂದಿತ್ತು, ನೀವರ ಬಂದ್ರಲ್ಲಾ, ಛಲೋ ಆತು," ಎಂದಳು. ಒಳಗೆ ಬಂದವನು ಮಡಿಪಂಚೆ ಉಟ್ಟಿದ್ದ, ಹಣೆಗೆ ವಿಭೂತಿ, ಹೆಗಲ ಮೇಲೆ ಕಾವಿ ವಸ್ತ್ರ. ಶಿವಯೋಗೀಶನಿಗೆ ಒಂದು ಗಳಿಗೆ ಗುರುತು ಹತ್ತಲಿಲ್ಲ. ಹತ್ತಿದಾಗ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಕುಮಾರಸ್ವಾಮಿ ಹಿರೇಮಠ. ಅವನ ಕೋಚಿಂಗ್ ಸೆಂಟರಿನ ಸಂಜೆಯ ತರಗತಿಯ ಕೊನೆಯ ಬೆಂಚು.

ಮೂವತ್ತಾರು ವರ್ಷದ ಕುಮಾರಸ್ವಾಮಿ ಆರು ಸಲ ಸರಕಾರಿ ನೌಕರಿಯ ಪರೀಕ್ಷೆ ಬರೆದು ಆರು ಸಲವೂ ಕೂದಲೆಳೆಯಲ್ಲಿ ನಪಾಸಾದವನು. ಇನ್ನೊಂದೇ ಅವಕಾಶ ಉಳಿದಿತ್ತು, ನವೆಂಬರಿನಲ್ಲಿ. ಅಂಥವರು ಶಿವಯೋಗೀಶನ ಪಾಠಕ್ಕೆ ಒಗ್ಗರಣೆಯಿದ್ದಂತೆ. ಇನ್ನೂರು ಮಂದಿ ತೂಕಡಿಸುವಾಗ ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದರೆ ತರಗತಿ ಎಚ್ಚರಾಗುತ್ತದೆ. ಹೋದ ಗುರುವಾರವೇ ನಿಲ್ಲಿಸಿದ್ದ. ಮೂಲಭೂತ ಕರ್ತವ್ಯಗಳು, ಐವತ್ತೊಂದು ಎ, ವೈಜ್ಞಾನಿಕ ಮನೋಭಾವ. "ಕುಮಾರಸ್ವಾಮಿಯವರೇ, ನೀವು ಬೆಳಿಗ್ಗೆ ಮಂದಿಯ ಕಲ್ಲಿಗೆ ನೀರು ಹಾಕ್ತೀರಿ, ಸಂಜೆ ಇಲ್ಲಿ ಬಂದು ವೈಜ್ಞಾನಿಕ ಮನೋಭಾವ ಬರ್ಕೋತೀರಿ. ಎರಡರಲ್ಲಿ ಯಾವುದು ಸುಳ್ಳು?" ಇನ್ನೂರು ಮಂದಿ ನಕ್ಕಿದ್ದರು. ಕುಮಾರಸ್ವಾಮಿ ನಿಂತಲ್ಲೇ ನಿಂತು, "ಎರಡೂ ಹೊಟ್ಟಿಪಾಡ್ರಿ ಸರ್," ಎಂದಿದ್ದ. ಅದಕ್ಕೆ ಇನ್ನೂ ಹೆಚ್ಚು ನಗು. ತಾನು ಗೆದ್ದೆನೆಂದು ತಿಳಿದು ಶಿವಯೋಗೀಶ ಕೂರಿಸಿದ್ದ.

"ಸರ್, ಇದು ನಿಮ್ಮ ಮನೀರಿ?" ಎಂದ ಕುಮಾರಸ್ವಾಮಿ. ಅವನಿಗೂ ಗೊತ್ತಿರಲಿಲ್ಲ, ಮುಖ ಹೇಳುತ್ತಿತ್ತು. ದಾನವ್ವ ಹಿಗ್ಗಿಹೋದಳು. "ಕುಬೇರಪ್ಪ, ನೋಡು, ನಮ್ಮ ಶಿವೂನ ಕಡೇನ ಓದಾಕತ್ತಾರಂತ ಅಯ್ಯಾರು! ಶಿವೂ, ಪಾದಾ ತೊಳೀಯಪಾ." ಹಿತ್ತಾಳೆಯ ಪರಾತ ಬಂತು. ಶಿವಯೋಗೀಶ ಕೆಳಗೆ ಕೂತ. ಆ ಕಾಲುಗಳನ್ನು ಇಷ್ಟು ಹತ್ತಿರದಿಂದ ನೋಡಬೇಕಾದೀತೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ: ಒಡೆದ ಹಿಮ್ಮಡಿ, ಚಪ್ಪಲಿಯ ಪಟ್ಟಿ ಕಚ್ಚಿದ ಗಾಯ, ಒಂದು ಉಗುರು ಕರ್ರಗಾಗಿತ್ತು. ನೀರು ಹಾಕಿ ತೊಳೆದ. ಮೇಲೆ ನೋಡಲಿಲ್ಲ. ಕುಮಾರಸ್ವಾಮಿಯೂ ಎಲ್ಲೋ ಗೋಡೆಯನ್ನು ನೋಡುತ್ತಿದ್ದ. ಗುರುವಾರದ ಸೇಡು ತೀರಿಸಿಕೊಳ್ಳುತ್ತಿರುವವನ ಠೀವಿ ಆ ಕಾಲಲ್ಲಿ ಇದ್ದೀತೆಂದು ಹುಡುಕಿದ. ಇರಲಿಲ್ಲ. ಆ ಮನುಷ್ಯ ಬಿಗಿಯಾಗಿ, ಮುಜುಗರದಿಂದ ಬೆರಳು ಮುದುರಿಕೊಂಡು ಕೂತಿದ್ದ. ಅದನ್ನು ಕಂಡು ಶಿವಯೋಗೀಶನಿಗೆ ಇನ್ನಷ್ಟು ಸಿಟ್ಟು ಬಂತು.

ನಾಲ್ವರೂ ಚಾಪೆಯ ಮೇಲೆ ಸಾಲಾಗಿ ಕೂತರು: ದಾನವ್ವ, ಕಾಕಾ, ಭಾಗ್ಯಶ್ರೀ, ಕೊನೆಗೆ ಅವನು. ಉಳಿದ ಮೂವರು ತಮ್ಮ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಈಗಲೂ ಹೇಳಬಹುದಿತ್ತು. ಅವ್ವಾ, ನನ್ನದು ಕಳೆದಿದೆ ಎಂಬ ಮೂರು ಮಾತು. ಕರಡಿಗೆ ತೆರೆದು ಕಲ್ಲನ್ನು ಅಂಗೈಗೆ ಇಳಿಸಿದ. ಕುಮಾರಸ್ವಾಮಿ ಮಂತ್ರ ಹೇಳುತ್ತ ಚಂಬಿನಿಂದ ಒಬ್ಬೊಬ್ಬರ ಲಿಂಗಕ್ಕೂ ತೀರ್ಥ ಬಿಡುತ್ತ ಬಂದ. ತಾಯಿಯ ಲಿಂಗದ ಮೇಲೆ ನೀರು ಸರಿದು ಹೋಯಿತು, ಕಾಕಾನದರ ಮೇಲೂ. ಭಾಗ್ಯಶ್ರೀ ಕಣ್ಣು ಮುಚ್ಚಿರಲಿಲ್ಲ; ತನ್ನ ಕೈಯನ್ನು ನೋಡುತ್ತಿದ್ದಳು, ಪಕ್ಕಕ್ಕೆ ನೋಡಬಾರದೆಂದು. ಆಮೇಲೆ ಇವನ ಕಲ್ಲಿಗೆ ನೀರು ಬಿತ್ತು. ಕಾಡಿಗೆ ಕದಡಿತು. ಅಂಗೈಯ ಗೆರೆಗಳಲ್ಲಿ ಕರೀ ನೀರು ಹರಿದು ಮುಂಗೈ ದಾಟಿ ಪಂಚೆಯ ಮೇಲೆ ತೊಟ್ಟಿಕ್ಕಿತು. ಕಲ್ಲಿನ ನಡುವೆ ಒಂದು ಬಿಳಿಯ ಗೆರೆ ಸ್ಪಷ್ಟವಾಗಿ ಎದ್ದುಬಂತು.

ಮಂತ್ರ ನಿಂತಿತು. ಶಿವಯೋಗೀಶ ತಲೆಯೆತ್ತಿದ. ಕುಮಾರಸ್ವಾಮಿಯ ಕಣ್ಣು ಕಲ್ಲಿನ ಮೇಲಿಂದ ಅವನ ಮುಖಕ್ಕೆ ಬಂತು, ಅಲ್ಲಿ ಒಂದು ಕ್ಷಣ ನಿಂತಿತು. ಗುರುವಾರದ ಇನ್ನೂರು ಮಂದಿಯ ನಗು ಈಗ ತನ್ನ ಮೇಲೆ ಬಿತ್ತು ಎಂದುಕೊಂಡು ಅವನು ಕಾದ. "ಯಾಕ್ರಿ ಅಯ್ಯಾರ, ಏನಾತು?" ಎಂದು ದಾನವ್ವ ಕತ್ತು ಚಾಚಿದಳು. ಕುಮಾರಸ್ವಾಮಿ ವಿಭೂತಿಯ ಗಟ್ಟಿಯನ್ನು ನೀರಲ್ಲಿ ತೇದು ಮೂರು ಬೆರಳ ತುಂಬ ತೆಗೆದು ಕಲ್ಲಿನ ಮೇಲೆ ದಪ್ಪಗೆ ಬಳಿದ. ಗೆರೆ ಮುಚ್ಚಿತು. ಮೇಲೊಂದು ಬಿಲ್ವಪತ್ರಿ ಇಟ್ಟ. "ಏನಿಲ್ರಿ ಅವ್ವಾರ. ಥಂಡಿ ದೇಶಕ್ಕ ಹೋಗಿ ಬಂದಾರಲ್ರಿ, ಮ್ಯಾಲಿನ ಲೇಪ ಬಿಟ್ಟೈತಿ. ಹೊಸಾದು ಕಟ್ಟಿಸಿದ್ರಾತು," ಎಂದು ಮಂತ್ರವನ್ನು ಬಿಟ್ಟಲ್ಲಿಂದ ಎತ್ತಿಕೊಂಡ. "ನೋಡಿದೇನು? ಅಲ್ಲಿ ಚಳಿ ಅಷ್ಟ ಇರತೈತಿ," ಎಂದು ದಾನವ್ವ ಕಾಕಾನಿಗೆ ಹೆಮ್ಮೆಯಿಂದ ಹೇಳಿದಳು.

ಪಾರಾದದ್ದಕ್ಕೆ ಮೈ ಸಡಿಲಾಗಬೇಕಿತ್ತು. ಬದಲಿಗೆ ಕುಮಾರಸ್ವಾಮಿಯ ಮೇಲೆ ಒಂದು ಹಗೆ ಏರಿ ಬಂತು. ಬಯಲು ಮಾಡಿದ್ದರೆ ಇವನೂ ನನ್ನಂಥವನೇ ಎಂದುಕೊಂಡು ತಿರಸ್ಕರಿಸಬಹುದಿತ್ತು. ಈ ಆರು ಸಲ ಬಿದ್ದವನು, ತರಗತಿಯಲ್ಲಿ ಬೆವರು ಒರೆಸಿಕೊಂಡು ನಿಲ್ಲುವವನು, ತನ್ನ ಮೇಲೆ ಕನಿಕರ ತೋರಿದನಲ್ಲ. ಪ್ರಸಾದದಲ್ಲಿ ಕುಮಾರಸ್ವಾಮಿ ಎರಡು ಹೋಳಿಗೆ ತಿಂದ. ಮೂರನೆಯದನ್ನು ಬಡಿಸಲು ಹೋದ ಭಾಗ್ಯಶ್ರೀಗೆ, "ಸಾಕ್ರಿ ಅಕ್ಕಾರ," ಎಂದ. ಅವನು ಅಗಿಯುವ ಸದ್ದೂ ಶಿವಯೋಗೀಶನಿಗೆ ಅಸಹನೀಯವಾಯಿತು. ಸಂಜೆ ಆರಕ್ಕೆ ಇದೇ ಮುಖ ಕೊನೆಯ ಬೆಂಚಿನಲ್ಲಿ ಕೂತಿರುತ್ತದೆ. ನಾಳೆಯೂ. ನವೆಂಬರಿನವರೆಗೆ. ಯಾವ ವಿಧಿ, ಯಾವ ಪರಿಚ್ಛೇದ ಹೇಳಿದರೂ ಆ ಎರಡು ಕಣ್ಣು ಅಂಗೈಯ ಕರೀ ನೀರನ್ನೇ ನೋಡುತ್ತಿರುತ್ತವೆ.

ಕಳಿಸಲು ಗೇಟಿನ ತನಕ ಹೋದದ್ದು ತಾಯಿ ಕಣ್ಸನ್ನೆ ಮಾಡಿದ್ದಕ್ಕೆ. ಕುಮಾರಸ್ವಾಮಿ ಸ್ಕೂಟರಿಗೆ ಕೀಲಿ ಹಾಕಿ, ಒದೆಯದೆ ನಿಂತ.

"ಸರ್, ಒಂದ್ಮಾತ್ರಿ. ಇವತ್ತ ಸಂಜಿಯಿಂದ ನಾ ಕ್ಲಾಸಿಗೆ ಬರಂಗಿಲ್ರಿ."

"ಯಾಕ?"

"ನಾ ಅಲ್ಲಿ ಕುಂತ್ರ ನಿಮಗ ಪಾಠಾ ಮಾಡಾಕ ಆಗಂಗಿಲ್ರಿ," ಎಂದ. ಅಣಕವಿರಲಿಲ್ಲ. ಮಳೆ ಬರುವಂತಿದೆ, ಕೊಡೆ ಹಿಡಿದುಕೊಳ್ಳಿ ಎಂದು ಹೇಳುವ ದನಿ. "ಇನ್ನೂರ ಮಂದಿ ನಿಮ್ಮನ್ನ ನಂಬಿ ಕುಂತಿರ್ತಾರ್ರಿ. ನನ್ನೊಬ್ಬನ ಸಲುವಾಗಿ ಅವರಿಗ್ಯಾಕ ತ್ರಾಸ. ನಾ ಮನ್ಯಾಗ ಓದ್ಕೋತೇನಿ."

ಇದು ಆ ಮನುಷ್ಯನ ಕೊನೆಯ ಅವಕಾಶ. ಬೇಡ, ಬರ್ರಿ, ಎಂದರೆ ಸಾಕಿತ್ತು. ಶಿವಯೋಗೀಶ ಗೇಟಿನ ತುಕ್ಕು ಹಿಡಿದ ಅಗುಳಿಯನ್ನು ಹಿಂದೆ ಮುಂದೆ ಸರಿಸಿದ. "ನಿಮ್ಮ ಮರ್ಜಿ," ಎಂದ. ಕುಮಾರಸ್ವಾಮಿ ತಲೆಯಾಡಿಸಿ, ನಾಲ್ಕು ಸಲ ಒದ್ದು ಸ್ಕೂಟರ್ ಚಾಲೂ ಮಾಡಿ, ಪಂಚೆ ಎತ್ತಿ ಕಟ್ಟಿಕೊಂಡು ಹೋದ. ತಿರುವಿನಲ್ಲಿ ಅವನು ಮರೆಯಾಗುವವರೆಗೂ ಶಿವಯೋಗೀಶ ನಿಂತು ನೋಡಿದ, ಎಲ್ಲಿ ಮನಸ್ಸು ಬದಲಿಸಿ ತಿರುಗಿ ಬಂದಾನೋ ಎಂದು.

ತಿರುಗಿದಾಗ ಭಾಗ್ಯಶ್ರೀ ಹಿಂದೆ ನಿಂತಿದ್ದಳು. ಕೈಯಲ್ಲಿ ಅಯ್ಯನವರು ಮರೆತ ಕಾವಿ ವಸ್ತ್ರವಿತ್ತು.

"ಏನಂದ್ರ್ರಿ ಅವರು?"

"ಕ್ಲಾಸ್ ಬಿಡ್ತಾರಂತ."

"ಅವರದು ಕಡೀ ಪರೀಕ್ಷಾ ಅಂತ ಊಟಕ್ಕ ಕುಂತಾಗ ಹೇಳಿದ್ರು. ನೀವು ಬ್ಯಾಡನ್ನಲಿಲ್ಲೇನು?"

ಅವನು ಏನೋ ಹೇಳಲು ಬಾಯಿ ತೆರೆದ. ಹೇಳಬಹುದಾದ ಸುಳ್ಳುಗಳು ಹತ್ತಾರಿದ್ದವು, ಒಂದಕ್ಕಿಂತ ಒಂದು ನಂಬುವಂಥವು. ಆದರೆ ಎದೆಯ ಮೇಲಿನ ಭಾರ ಇಳಿದ ಸುಖ ಅವನ ನಾಲಗೆಯನ್ನು ಸಡಿಲ ಮಾಡಿಬಿಟ್ಟಿತ್ತು.

"ನನಗ ಖುಷಿ ಆತು," ಎಂದ.

ಭಾಗ್ಯಶ್ರೀ ಅವನ ಮುಖವನ್ನು ನಿಧಾನವಾಗಿ ನೋಡಿದಳು. ಸರೋವರದ ದಂಡೆಯಿಂದ ಈಚೆಗೆ ಅವನು ಅವಳಿಗೆ ಹೇಳಿದ ಮೊದಲ ಖರೇ ಮಾತು ಅದು. ಅವಳು ಕಾವಿ ವಸ್ತ್ರವನ್ನು ಮಡಚಿಕೊಂಡು, ಗೇಟು ದಾಟಿ, ಸ್ಕೂಟರ್ ಹೋದ ದಾರಿಯಲ್ಲಿ ನಡೆಯತೊಡಗಿದಳು.